ನಾನು ಬಣ್ಣ ಬಳಿದ ದೇವರು

ಅರಣ್ಯ ಇಲಾಖೆಗೆ ಹೊಸದಾಗಿ ಗಾರ್ಡ್ ಆಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಗೋಕಾಕದ ನಮ್ಮ ಮನೆಗೆ ಬಂದಿದ್ದರು. ಇಸ್ತ್ರಿ ಹಾಕಿದ ಖಾಕಿ, ಹೊಳೆಯುವ ಬೂಟು, ಕೈಯಲ್ಲಿ ನನಗಾಗಿ ತಂದ ಹಣ್ಣಿನ ಚೀಲ. ಚಹಾ ಕುಡಿದಾದ ಮೇಲೆ ಒಬ್ಬಳು ಕೇಳಿದಳು: “ಅಕ್ಕಾರ, ಇಷ್ಟ ವರ್ಷ ಗುಡ್ಡ ತಿರಗಿ ನೀವ ಏನ ಕಲತ್ರಿ? ನಮಗೂ ಒಂದೀಟ ಹೇಳ್ರಿ.”

ನಾನು ಅವಳ ಕಾಲು ನೋಡಿದೆ. “ಮೊದಲ ಆ ಬೂಟ ಒಂದ ನಂಬರ ದೊಡ್ಡದ ತಗೋ ತಂಗಿ. ಗುಡ್ಡ ಇಳಿಯೂ ಮುಂದ ಹೆಬ್ಬೆರಳಿನ ಉಗರ ಕಿತ್ತ ಬರತಾವ,” ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಏನೋ ದೊಡ್ಡ ಮಾತು ಉದುರುತ್ತದೆ ಎಂದು ಕಾದಿದ್ದಳು ಪಾಪ. ಅವರು ಹೋದ ಮೇಲೆ ನನಗೇ ಅನ್ನಿಸಿತು, ಇನ್ನೂ ನಾಲ್ಕು ಮಾತು ಹೇಳಬಹುದಿತ್ತು ಎಂದು. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲಿನಿಂದ ಈಗ ಫ್ರಿಜ್ಜಿನ ಮೇಲಿನ ಧೂಳು ಒರೆಸುತ್ತೇನೆ.

ನನ್ನ ಹೆಸರು ಕಸ್ತೂರಿ. ತವರು ಮೂಡಲಗಿ. ಅಲ್ಲಿ ನೆಲ ತಟ್ಟಿದ ರೊಟ್ಟಿಯ ಹಾಗೆ ಸಪಾಟು. ನಮ್ಮ ಹೊಲದಲ್ಲಿ ಎತ್ತರದ ವಸ್ತು ಎಂದರೆ ಮೇವಿನ ಬಣವೆ, ಅದನ್ನೂ ನಾನು ಏಣಿ ಹಚ್ಚಿಯೇ ಹತ್ತಿದವಳು. ಗಂಡ ಗೋಕಾಕದಲ್ಲಿ ಗಾರ್ಡ್ ಆಗಿದ್ದ. ಒಳ್ಳೆಯ ಮನುಷ್ಯ, ಕುಡಿಯದಿದ್ದಾಗ. ಕುಡಿಯದಿದ್ದಾಗ ಎನ್ನುವುದು ಬರಬರುತ್ತ ಕಡಿಮೆಯಾಯಿತು, ಕೊನೆಗೆ ಇಲ್ಲವೇ ಇಲ್ಲ ಎಂಬಂತಾಯಿತು. ಬೈದೆ, ಅತ್ತೆ, ತವರಿಗೆ ಹೋಗಿ ಕೂತೆ. ಯಾರೋ ಕೊಟ್ಟ ಪುಡಿಯನ್ನು ಪಲ್ಯದಲ್ಲಿ ಕಲಸಿ ಹಾಕಿದೆ. ಅವನು ಪಲ್ಯ ಚಲೋ ಆಗೈತಿ ಎಂದು ಇನ್ನೊಂದು ಸಲ ಹಾಕಿಸಿಕೊಂಡು ತಿಂದು, ಎದ್ದು ಕುಡಿಯಲು ಹೋದ. ನನ್ನ ತಲೆ ಮುಟ್ಟಿ ಆಣೆ ಮಾಡಿದ, ಅವನ ಅವ್ವನ ತಲೆ ಮುಟ್ಟಿ ಆಣೆ ಮಾಡಿದ, ಇದ್ದಬದ್ದ ದೇವರನ್ನೆಲ್ಲ ಮುಟ್ಟಿದ. ಒಂದು ಆಣೆಯೂ ಸಂಜೆಯತನಕ ಬಾಳಲಿಲ್ಲ. ಲಿವರ್ ಕೆಟ್ಟು ಸತ್ತ. ಅವನ ನೌಕರಿ ಅನುಕಂಪದ ಮೇಲೆ ನನಗೆ ಬಂತು. “ಹೋಗೂ ಮುಂದ ಒಂದ ಉಪಕಾರ ಮಾಡಿ ಹೋದ ನೋಡವಾ,” ಎಂದು ಸಮಾಧಾನ ಹೇಳಲು ಬಂದವರಿಗೆ ನಾನು ಏನೆಂದು ಉತ್ತರ ಕೊಟ್ಟೆ ಎಂಬುದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ಮೊದಲು ನನ್ನನ್ನು ಆಫೀಸಿನಲ್ಲೇ ಕೂರಿಸಿ ಚಹಾ ತರಿಸುವ ವಿಚಾರ ನಮ್ಮ ಹಳೆಯ ಸಾಹೇಬರಿಗೆ ಇತ್ತು. ಚಹಾದಲ್ಲಿ ಸಕ್ಕರೆ ಬದಲು ಉಪ್ಪು ಹಾಕಿದೆ, ಕೈ ತಪ್ಪಿ ಎಂದೆ. ಮರುವಾರ ಗುಡ್ಡಕ್ಕೆ ಹಾಕಿದರು.

ಗೋಕಾಕದ ಕಡೆಯಿಂದ ಹತ್ತಿ ಹುಕ್ಕೇರಿ ತಾಲ್ಲೂಕಿನ ಕಡೆ ಇಳಿಯುವ ಗುಡ್ಡ ಅದು. ಬುಡದಲ್ಲಿ ಜಾಲಿ ಕಂಟಿ, ಬಂದರಿಕೆ. ಮೇಲೆ ಹೋದಂತೆ ದಿಂಡಲ, ಮತ್ತಿ, ಕಮರ, ನಡುವೆ ಇಲಾಖೆ ಹಚ್ಚಿದ ತೇಗ. ಮೊದಲ ದಿನ ಅರ್ಧ ಹತ್ತುವುದರೊಳಗೆ ಜೀವ ಬಾಯಿಗೆ ಬಂತು. ತುದಿ ಎಷ್ಟು ದೂರ ಐತಿ ಎಂದು ಮತ್ತೆ ಮತ್ತೆ ಕತ್ತೆತ್ತಿ ನೋಡಿದೆ. ಅದೇ ತಪ್ಪು. ಹುಡುಗಿಯರೇ, ತುದಿ ನೋಡಬೇಡಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ಹೆಜ್ಜೆ ಎಲ್ಲಿ ಇಡುತ್ತೀರಿ ಅಷ್ಟನ್ನೇ ನೋಡಿ. ಇಳಿಯುವಾಗ ಇನ್ನೂ ಹುಷಾರು. ಬೇಸಿಗೆಯಲ್ಲಿ ತೇಗದ ಎಲೆ ಉದುರಿ ಹಪ್ಪಳ ಹರವಿದಂತೆ ಬಿದ್ದಿರುತ್ತವೆ, ಕೆಳಗೆ ಕಲ್ಲಿದೆಯೋ ಕುಣಿ ಇದೆಯೋ ಕಾಲಿಟ್ಟ ಮೇಲೇ ತಿಳಿಯುವುದು. ಹತ್ತುವಾಗ ಎಲ್ಲರೂ ದೇವರ ಹೆಸರು ಹೇಳುತ್ತಾರೆ, ಇಳಿಯುವಾಗ ಬಾಯಿಗೆ ಬಂದದ್ದು ಹೇಳುತ್ತಾರೆ. ನಾನು ಎರಡೂ ಕಡೆ ಒಂದೇ ಭಾಷೆ ಬಳಸಿದ್ದೇನೆ.

ಇನ್ನೊಂದು ಮಾತು. ಇದನ್ನು ತರಬೇತಿಯಲ್ಲಿ ನಿಮಗೆ ಯಾರೂ ಹೇಳಿರುವುದಿಲ್ಲ. ಗಂಡಸರು ಎಲ್ಲಿ ಬೇಕಾದಲ್ಲಿ ಮರಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನಮಗೆ ಮರೆ ಬೇಕು. ಮರೆ ಹುಡುಕುತ್ತ ಬಂಡೆಯ ಹಿಂದೆ, ಕಂಟಿಯ ಸಂದಿಗೆ ಹೋದಾಗಲೇ ನಾನು ಕಳ್ಳರು ಬಚ್ಚಿಟ್ಟ ತೇಗದ ತುಂಡು ಹಿಡಿದದ್ದು ಹೆಚ್ಚು. ಹಳೆಯ ಸಾಹೇಬರಿಗೆ ಭಾರಿ ಆಶ್ಚರ್ಯ. “ಕಸ್ತೂರವ್ವ, ಇಷ್ಟ ಗಂಡಸರಿಗೆ ಸಿಗಲಾರದ್ದ ನಿನಗ ಹೆಂಗ ಸಿಗತೈತಿ?” ಎಂದರು. “ಗುಪ್ತ ಮಾಹಿತಿ ರಿ ಸಾಹೇಬ್ರ,” ಎಂದೆ. ಸಭೆಯಲ್ಲಿ ಉಳಿದವರಿಗೆ ಬೈದರು, ಕಸ್ತೂರವ್ವನ ಹಾಗೆ ಮಾಹಿತಿದಾರರನ್ನು ಬೆಳೆಸಿಕೊಳ್ಳಿರಿ ಎಂದು.

ಈ ಸಾಹೇಬರು ಗುಡ್ಡವನ್ನು ಜೀಪಿನಿಂದಲೇ ಪಾಲನೆ ಮಾಡಿದವರು. ಒಂದು ಸಲ ಮೇಲಿನವರ ಕಾಟಕ್ಕೆ ನನ್ನ ಸಂಗಡ ನಡೆದು ಬಂದರು. ಮತ್ತಿ ಮರಗಳ ನಡುವೆ ಕರ್ರಗೆ ಏನೋ ಕೂತಿತ್ತು. ಸಾಹೇಬರು ನನ್ನ ತೋಳು ಹಿಡಿದು, “ಕರಡಿ! ಉಸಿರ ಬಿಡಬ್ಯಾಡ!” ಎಂದು ಪಿಸುಗುಟ್ಟಿದರು. ಹಿಡಿದ ಜಾಗ ಮೂರು ದಿನ ನೀಲಿಗಟ್ಟಿತ್ತು. ಅಷ್ಟರಲ್ಲಿ ಕರಡಿ ತಿರುಗಿ, “ಸಾಹೇಬ್ರ, ಬೆಂಕಿಪೆಟಗಿ ಐತೇನ್ರಿ?” ಎಂದಿತು. ಕಂಬಳಿ ಹೊದ್ದು ಕೂತ ಕುರಿಗಾಹಿ. ಸಾಹೇಬರು ಬೆಂಕಿಪೆಟ್ಟಿಗೆ ಕೊಟ್ಟರು, ಬೀಡಿಯನ್ನೂ ಕೊಟ್ಟರು, ಗುಡ್ಡದಲ್ಲಿ ಬೆಂಕಿ ಹಚ್ಚಬಾರದು ಎಂಬ ಭಾಷಣವನ್ನು ಮಾತ್ರ ಮರೆತರು.

ನಾನೇನು ಮಹಾ ಜಾಣೆ ಎಂದು ತಿಳಿಯಬೇಡಿ. ಹೊಸದರಲ್ಲಿ ಕಟ್ಟಿಗೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ನಿಲ್ಲಿಸಿ, “ಹೊರಿ ಇಳಸ, ನೋಡ್ತೇನಿ,” ಎಂದು ಗದರಿಸಿದೆ. ಇಳಿಸಿದಳು. ಒಣ ಪುಳ್ಳೆ ಮಾತ್ರ ಇತ್ತು. ಸರಿ ಹೋಗು ಎಂದೆ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಮತ್ತ ಹೊರಸೋರ್ಯಾರ್ರಿ? ನಿಮ್ಮ ಸರ್ಕಾರ ಬರತೈತೇನ?” ನಾನೇ ತಡವರಿಸಿ ಹೊರಿಸಿದೆ. ಅವತ್ತು ಸೊಂಟ ಹಿಡಿದದ್ದು ಇವತ್ತಿಗೂ ಚಳಿಗಾಲದಲ್ಲಿ ನೆನಪು ಮಾಡುತ್ತದೆ. ಅಲ್ಲಿಂದ ಮುಂದೆ ಹೊರೆ ಇಳಿಸದೆಯೇ ಸುತ್ತ ತಿರುಗಿ ನೋಡುವುದು ಕಲಿತೆ.

ಹಳೆಯ ಸಾಹೇಬರು ಹೋಗಿ ಎಷ್ಟೋ ಜನ ಬಂದರು, ಹೋದರು. ನನ್ನ ನೌಕರಿಯ ಕೊನೆಯ ಭಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಸಾಹೇಬರು ಬಂದರು, ಮೈಸೂರು ಕಡೆಯವರು. ನಮ್ಮ ಗುಡ್ಡವನ್ನು ನನಗಿಂತ ಹೆಚ್ಚು ಪ್ರೀತಿಸಿದ ಮನುಷ್ಯ, ಖರೆ ಹೇಳಬೇಕು. ಬೆಳಿಗ್ಗೆ ಎದ್ದು ತಾವೇ ಹತ್ತುತ್ತಿದ್ದರು. ಕೈಯಲ್ಲಿ ಮೊಬೈಲು, ಅದರಲ್ಲಿ ನಾವು ನಡೆದ ದಾರಿ ದಾರದ ಹಾಗೆ ಮೂಡುತ್ತಿತ್ತು. ನಾನು ಅಂಥದ್ದಕ್ಕೆಲ್ಲ ನಗುತ್ತಿದ್ದೆ. ಒಂದು ದಿನ ಮಂಜಿನಲ್ಲಿ ನಾನೇ ದಾರಿ ತಪ್ಪಿ ಒಂದೇ ಬಂಡೆಯ ಸುತ್ತ ತಿರುಗಿದಾಗ ಆ ದಾರವೇ ನಮ್ಮನ್ನು ಕೆಳಗಿಳಿಸಿತು. ಮರುದಿನ ನನಗೂ ಕಲಿಸಿರಿ ಎಂದು ಮೊಬೈಲು ಹಿಡಿದು ಕೂತೆ.

ಆ ಸಾಹೇಬರ ಕನಸು ಎಂದರೆ ಚಾರಣದ ದಾರಿ. “ಕಸ್ತೂರಿಯವರೇ, ಜನ ಈ ಕಾಡಿನಲ್ಲಿ ನಡೆಯಬೇಕು. ನಡೆದರೆ ಮಾತ್ರ ಉಳಿಸಿಕೊಳ್ಳಬೇಕು ಅನ್ನಿಸುತ್ತೆ,” ಎನ್ನುತ್ತಿದ್ದರು. ದಾರಿ ಆಯಿತು. ಈ ಕಡೆ ಹತ್ತುವುದು, ಮೇಲಿನ ಕಣಿವೆ ದಾಟಿ ಆ ಕಡೆ ಘೋಡಗೇರಿಯತ್ತ ಇಳಿಯುವುದು. ತೀರಾ ಕಷ್ಟವಲ್ಲ, ಸುಲಭವೂ ಅಲ್ಲ. ರವಿವಾರ ರವಿವಾರ ಜನ ಬರತೊಡಗಿದರು. ಹತ್ತಿದ ಕಡೆಯೇ ಇಳಿಯುವುದಿಲ್ಲ ಎಂಬುದು ಮಾತ್ರ ಕೆಲವರ ತಲೆಗೆ ಹೋಗಲೇ ಇಲ್ಲ. ಗೋಕಾಕದ ಕಡೆ ಕಾರು ನಿಲ್ಲಿಸಿ, ಗುಡ್ಡ ದಾಟಿ, ಆ ಕಡೆ ಇಳಿದು, ಬೆವರು ಒರೆಸಿಕೊಂಡು, “ಮೇಡಂ, ನಮ್ಮ ಕಾರ ಎಲ್ಲೈತ್ರಿ?” ಎಂದು ಕೇಳಿದ ವಕೀಲರೊಬ್ಬರು ಇದ್ದಾರೆ. ನಾನು ಹಿಂದಿನ ಗುಡ್ಡದ ಕಡೆ ಕೈ ತೋರಿಸಿದೆ. ಅವರು ಅಲ್ಲೇ ನೆಲಕ್ಕೆ ಕೂತುಬಿಟ್ಟರು.

ದಾರಿ ತೋರಿಸಲು ಗುರುತು ಬೇಕಲ್ಲ. ಮರಕ್ಕೆ ಬಣ್ಣ ಬಳಿಯುವಂತಿಲ್ಲ. ಮರಕ್ಕೆ ಇಲಾಖೆ ಬಣ್ಣ ಹಚ್ಚಿತೆಂದರೆ ಅದನ್ನು ಕಡಿಯುತ್ತಾರೆ ಎಂದೇ ನಮ್ಮ ಕಡೆಯ ಜನಕ್ಕೆ ಗೊತ್ತು. ಬಳಿದ ಮರುದಿನವೇ ಕೊಡಲಿ ಹಿಡಿದು ನಾ ಮುಂದೆ ತಾ ಮುಂದೆ ಎಂದು ಬಂದಾರು. ಆದ್ದರಿಂದ ಕುಂಬಳಕಾಯಿ ಗಾತ್ರದ ದುಂಡಗಿನ ಕಲ್ಲು ಆರಿಸಿ, ಬಣ್ಣ ಬಳಿದು, ಮೇಲೆ ಕಪ್ಪು ಬಾಣ ಬರೆದು, ದಾರಿಯ ಬದಿಗೆ ಇಟ್ಟೆವು. ಬಣ್ಣ ಯಾವುದು? ಸ್ಟೋರಿನಲ್ಲಿ ಉಳಿದಿದ್ದದ್ದು ಹಳದಿ.

ಸಾಹೇಬರು ಮೈಸೂರಿನವರು, ಅವರಿಗೆ ತಿಳಿಯಲಿಲ್ಲ ಸರಿ. ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು, ನನ್ನ ಜೊತೆ ಕಲ್ಲು ಹೊತ್ತವರೆಲ್ಲ ಇಲ್ಲಿಯವರೇ. ಗುಡ್ಡದ ದಾರಿಯಲ್ಲಿ, ಮರದ ಬುಡದಲ್ಲಿ, ಹಳದಿಯ ದುಂಡು ಕಲ್ಲು ಇಟ್ಟರೆ ನಮ್ಮ ಜನ ಏನು ಮಾಡುತ್ತಾರೆ ಎಂಬುದು ನಮಗೆ ಒಬ್ಬರಿಗೂ ಹೊಳೆಯಲಿಲ್ಲ. ಮುಂದಿನ ವಾರ ಹೋಗಿ ನೋಡುತ್ತೇನೆ, ಮೊದಲನೇ ಕಲ್ಲಿಗೆ ಭಂಡಾರದ ಅರಿಶಿನ ಪುಡಿ, ಎರಡನೆಯದಕ್ಕೆ ಕುಂಕುಮ ಮತ್ತು ಒಡೆದ ಕಾಯಿ, ಮೂರನೆಯದಕ್ಕೆ ಹಸಿರು ಬಳೆ. ಒಂದು ಕಲ್ಲು ಬಿಸಿಲಲ್ಲಿ ಇತ್ತು, ಪಾಪ ದೇವರಿಗೆ ಝಳ ಹತ್ತುತ್ತದೆ ಎಂದು ಯಾರೋ ಅದನ್ನು ಎತ್ತಿ ದಿಂಡಲ ಮರದ ನೆರಳಿಗೆ ಇಟ್ಟಿದ್ದರು. ಬಾಣ ಈಗ ಆಕಾಶ ತೋರಿಸುತ್ತಿತ್ತು. ಚಾರಣದವರೂ ಕಡಿಮೆಯಿಲ್ಲ, ಬೂಟು ಬಿಚ್ಚಿ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಸಾಹೇಬರಿಗೆ ಆನಂದ. “ನೋಡಿ, ಜನ ದಾರಿಗೆ ಎಷ್ಟು ಗೌರವ ಕೊಡ್ತಾ ಇದ್ದಾರೆ!” ಎಂದರು. ನಾನು ಬಾಯಿ ಮುಚ್ಚಿಕೊಂಡು ಬಾಣಗಳನ್ನು ಸರಿ ಮಾಡಿಕೊಂಡು ತಿರುಗಿದೆ.

ಹೀಗೇ ನಡೆಯುತ್ತಿತ್ತು. ಒಂದು ರವಿವಾರ ಬ್ಯಾಂಕಿನವರ ಗುಂಪೊಂದು ಬಂತು. ಮ್ಯಾನೇಜರು ಕಂಡ ಕಂಡ ಮರದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರನ್ನು ಎಳೆದುಕೊಂಡು ನಾನು ಹಿಂದೆ ಉಳಿದೆ. ಉಳಿದವರು, ಗುರುತು ಇದೆಯಲ್ಲ ಎಂದು ಮುಂದೆ ನಡೆದರು. ಕಣಿವೆಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಘೋಡಗೇರಿಯ ಕಡೆ ಇಳಿಜಾರು, ಬಲಕ್ಕೆ ಹೋದರೆ ಆಡು ಓಡಾಡಿ ಅಗಲ ಮಾಡಿದ ದಾರಿ, ನೇರ ಹಳ್ಳದ ಮುಳ್ಳಿನೊಳಕ್ಕೆ. ನಾನು ಅಲ್ಲಿಗೆ ಬಂದಾಗ ಒಬ್ಬರ ದನಿಯೂ ಇಲ್ಲ. ಕಲ್ಲೂ ಇಲ್ಲ. ಕಲ್ಲು ಇದ್ದ ಜಾಗದಲ್ಲಿ ಹಸಿ ಮಣ್ಣು, ಸ್ವಲ್ಪ ಕುಂಕುಮ.

ಸೀಟಿ ಊದಿದೆ. ಊದಿ ಊದಿ ಕಿವಿ ಗುಂಯ್ ಎಂದಿತು. ಹಳ್ಳದಿಂದ ಸಣ್ಣಗೆ ಕೂಗು ಕೇಳಿತು. ಇಳಿದು ನೋಡಿದರೆ ಎಲ್ಲರೂ ಮುಳ್ಳಿನಲ್ಲಿ ಸಿಕ್ಕಿಕೊಂಡು ನಿಂತಿದ್ದಾರೆ, ಕ್ಯಾಷಿಯರ್ ಬಾಯಿಯವರು ಕಾಲು ಉಳುಕಿ ಕೂತಿದ್ದಾರೆ. ಪಾದ ಊದಿಕೊಂಡಿತ್ತು. ಆ ಹೆಣ್ಣುಮಗಳು ಹಲ್ಲು ಕಚ್ಚಿ ಕೂತಿದ್ದರು, ಅಳುತ್ತಿದ್ದವರು ನನ್ನ ಹಿಂದೆ ಇಳಿದು ಬಂದ ಮ್ಯಾನೇಜರು. ಎರಡು ಕೋಲಿಗೆ ಓಢಣಿ ಬಿಗಿದು ಅವರನ್ನು ಕೂರಿಸಿ, ಸರದಿಯ ಮೇಲೆ ಹೊತ್ತು ಕೆಳಗಿಳಿಸಿದೆವು. ಅವತ್ತು ನನಗೆ ಹೆದರಿಕೆ ಆದದ್ದು ಖರೆ. ಇನ್ನಷ್ಟು ಕೆಳಗೆ ಹೋಗಿದ್ದರೆ ಅಲ್ಲಿ ಬಂಡೆಯ ಕೊರಕಲು ಇತ್ತು.

ಮ್ಯಾನೇಜರು ಮೇಲಿನವರಿಗೆ ದೂರು ಕೊಟ್ಟರು. ಚಾರಣ ನಿಂತಿತು. ಸಣ್ಣ ಸಾಹೇಬರಿಗೆ ಮೇಲಿಂದ ಚೆನ್ನಾಗಿ ಬಿತ್ತು. ಅವರು ನನ್ನನ್ನು ಕರೆದರು, ಕಣ್ಣು ಕೆಂಪಗಿತ್ತು. “ಕಸ್ತೂರಿಯವರೇ, ಕಲ್ಲು ಯಾರು ಒಯ್ದರೋ ಹುಡುಕಿ. ವಾಪಸ್ ತನ್ನಿ. ಕೊಡದಿದ್ದರೆ ಕಳ್ಳತನದ ಕೇಸು ಹಾಕ್ತೀನಿ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲಾ ಕಲ್ಲೂ ಹೋಗುತ್ತೆ.” ಅವರ ಮಾತು ಸುಳ್ಳಲ್ಲ. ನಾನೂ ಸಿಟ್ಟಿನಲ್ಲೇ ಹೊರಟೆ.

ಹುಡುಕುವುದೇನೂ ಕಷ್ಟವಾಗಲಿಲ್ಲ. ಗುಡ್ಡದ ಆ ಕಡೆಯ ಬುಡದಲ್ಲಿ ಒಂದು ಸಣ್ಣ ಊರು. ಅಲ್ಲಿಯ ಯಮನವ್ವ ಎಂಬ ಹೆಂಗಸು ಹೊಸ ಕುಬಸದ ಬಟ್ಟೆಯಲ್ಲಿ ಕಲ್ಲು ಸುತ್ತಿ ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಮನೆಗೆ ತಂದದ್ದನ್ನು ಊರೆಲ್ಲ ನೋಡಿತ್ತು. ಕದ್ದವರು ಹಾಗೆ ತರುತ್ತಾರೆಯೇ? ದೇವರನ್ನು ಮನೆಗೆ ಕರೆದುಕೊಂಡು ಬರುವ ರೀತಿ ಅದು.

ಹೋದಾಗ ಯಮನವ್ವ ಒಬ್ಬಳೇ ಇದ್ದಳು. ನಡುವಯಸ್ಸು, ಕಬ್ಬಿನ ಹೊಲದ ಕೆಲಸಕ್ಕೆ ಹೋಗಿ ಕೈ ತುಂಬ ಗೀರು. ದೇವರ ಜಗುಲಿಯ ಮೇಲೆ ನನ್ನ ಕಲ್ಲು ರಾಜಠೀವಿಯಿಂದ ಕೂತಿತ್ತು. ಮೈ ತುಂಬ ಭಂಡಾರ, ಹಣೆಗೆ ಕುಂಕುಮ, ಎದುರಿಗೆ ದೀಪ.

“ಯಮನವ್ವ, ಈ ಕಲ್ಲ ಸರ್ಕಾರದ್ದೈತಿ. ಕೊಡು, ಹೊಳ್ಳಿ ಅಲ್ಲೇ ಇಡಬೇಕು,” ಎಂದೆ.

“ಬ್ಯಾಡ್ರಿ ಅಕ್ಕಾರ. ಬೇಕಾರ ನನ್ನ ಒಯ್ರಿ, ಇದನ್ನ ಬಿಡ್ರಿ.”

“ನಿನ್ನ ಒಯ್ದು ಗುಡ್ಡದಾಗ ಬಾಣ ಬರದ ನಿಲ್ಲಸ್ಲೇನ? ನಿನ್ನ ಸಲುವಾಗಿ ಒಬ್ಬಾಕಿ ಕಾಲ ಮುರಕೊಳ್ಳೂ ಹಂಗ ಆಗಿತ್ತು. ಸಾಹೇಬ್ರು ಕೇಸ ಹಾಕ್ತೇನಿ ಅನ್ನಾಕತ್ತಾರ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: “ನಮ್ಮ ಮನಿಯವ್ರು ಭಾಳ ಕುಡೀತಿದ್ರ್ರಿ. ಮನ್ಯಾಗ ಒಂದ ಭಾಂಡೆ ಉಳದಿದ್ದಿಲ್ಲ. ಒಂದ ದಿನ ನಾ ಅವ್ರನ್ನ ಗುಡ್ಡಕ್ಕ ಕರಕೊಂಡ ಹೋಗಿ, ಈ ದೇವ್ರ ಮುಟ್ಟಿಸಿ ಆಣಿ ಮಾಡಸಿದ್ನಿ. ಅವತ್ತಿಂದ ಒಂದ ಹನಿ ಮುಟ್ಟಿಲ್ರಿ. ಗುಡ್ಡದಾಗಿದ್ರ ಯಾರರ ಎತ್ತಿ ಒಗದಾರು ಅಂತ ಅಂಜಿ ಮನಿಗೆ ತಂದೇನಿ. ಇದು ಹೋತಂದ್ರ ಅವ್ರ ಆಣಿನೂ ಹೋಗತೈತ್ರಿ ಅಕ್ಕಾರ.”

ಆ ಮಾತು ಕೇಳಿ ನನಗೆ ಬಂದದ್ದು ಏನು? ಕನಿಕರ ಎನ್ನಲೇ? ಅಷ್ಟೇ ಅಲ್ಲ, ಹೊಟ್ಟೆಕಿಚ್ಚೂ ಇತ್ತು. ಒಂದು ಕಲ್ಲಿನಿಂದ ಆಗುತ್ತಿದ್ದರೆ ನಾನು ಇಡೀ ಗುಡ್ಡವನ್ನೇ ತಲೆಯ ಮೇಲೆ ಹೊತ್ತು ಗೋಕಾಕಕ್ಕೆ ತರುತ್ತಿರಲಿಲ್ಲವೇ? ನನ್ನ ಮನೆಯಲ್ಲಿ ಸುಳ್ಳಾದ ಆಣೆ ಇವಳ ಮನೆಯಲ್ಲಿ ಹೇಗೆ ನಿಂತಿತು? ಅದೂ ಸ್ಟೋರಿನಲ್ಲಿ ಉಳಿದ ಬಣ್ಣದ ಮೇಲೆ ಮಾಡಿದ ಆಣೆ! ಆ ಸಿಟ್ಟಿನಲ್ಲೇ ಮುಂದೆ ಹೋಗಿ ಹೆಬ್ಬೆರಳಿನಿಂದ ಭಂಡಾರ ಒರೆಸಿದೆ. ಕಪ್ಪು ಬಾಣ ಕಂಡಿತು.

“ನೋಡ ಯಮನವ್ವ, ದೇವ್ರ ಮೈಮ್ಯಾಲ ಬಾಣ ಇರತೈತೇನ? ನನ್ನ ಕೈಲೆ ನಾನ ಬರದದ್ದು.”

ಅವಳು ಕುಸಿದು ಕೂರುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಚಿಟಿಕೆ ಭಂಡಾರ ತೆಗೆದು ಬಾಣದ ಮೇಲೆ ಮತ್ತೆ ಸವರಿದಳು.

“ಗೊತ್ತೈತ್ರಿ. ಮನಿಗೆ ತಂದ ದಿನಾನ ತೊಳಿಯೂ ಮುಂದ ಕಂಡೇನಿ. ಹುಣಸಿಹಣ್ಣ ಹಚ್ಚಿ ತಿಕ್ಕಿದ್ರೂ ಹೋಗಲಿಲ್ಲ. ಬಣ್ಣದ ವಾಸನಿನೂ ಬಂತು. ದೇವ್ರ ಮೈಗೆ ಎಣ್ಣಿ ಬಣ್ಣದ ವಾಸನಿ ಎಲ್ಲಿಂದ ಬರಬೇಕ್ರಿ?”

“ಗೊತ್ತಿದ್ದೂ ಪೂಜಿ ಮಾಡಾಕತ್ತೀಯೇನ?”

“ಅವ್ರು ನಂಬ್ಯಾರಲ್ರಿ. ಅಷ್ಟ ಸಾಕು ನನಗ. ನಿಮ್ಮ ಕಾಲ ಬೀಳ್ತೇನಿ, ಅವ್ರ ಮುಂದ ಅನ್ನಬ್ಯಾಡ್ರಿ.”

ಅಷ್ಟರಲ್ಲಿ ಅಂಗಳದಲ್ಲಿ ಮೇವಿನ ಹೊರೆ ಧೊಪ್ಪನೆ ಬಿತ್ತು. ಗಂಡ ಲಗಮಣ್ಣ ಬಂದಿದ್ದ. ಗಡ್ಡ ಬೋಳಿಸಿದ ಮುಖ, ಸ್ವಚ್ಛ ಅಂಗಿ. ಒಳಗೆ ಖಾಕಿ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. ನನ್ನನ್ನು ನೋಡಿದ, ಕಲ್ಲನ್ನು ನೋಡಿದ, ಹೆಂಡತಿಯನ್ನು ನೋಡಿದ.

ನಾನು ಎದ್ದು ಟೋಪಿ ಹಾಕಿಕೊಂಡೆ. “ಏನಿಲ್ಲಪಾ, ನಮ್ಮದೊಂದ ಕಲ್ಲ ಕಳದೈತಿ. ಹುಡಕಾಕ ಬಂದಿದ್ನಿ. ಇದು ಅದಲ್ಲ,” ಎಂದೆ. ಯಮನವ್ವ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

ಬಸ್ಸಿನ ರಸ್ತೆಯವರೆಗೆ ಬಿಟ್ಟು ಬರುತ್ತೇನೆ ಎಂದು ಲಗಮಣ್ಣ ಹಿಂದೆಯೇ ಬಂದ. ಊರು ದಾಟಿದೆವು. ಆಮೇಲೆ ಕೇಳಿದ: “ಅಕ್ಕಾರ, ಸುಳ್ಳ ಯಾಕ ಹೇಳಿದ್ರಿ? ಅದ ನಿಮ್ಮ ಕಲ್ಲ ಅಂತ ನನಗ ಗೊತ್ತೈತ್ರಿ.”

ನಾನು ನಿಂತೆ.

“ನೀವ ಅದಕ್ಕ ಬಣ್ಣ ಬಳಿಯೂ ಮುಂದ ನಾ ಅಲ್ಲೇ ಕಂಟಿ ಹಿಂದ ಕುಡದ ಬಿದ್ದಿದ್ನಿ. ಯಾರಿಗೋ ಇನ್ನೊಂದ ಕಲ್ಲಿನ ಬಾಣ ಸೊಟ್ಟ ಆಗೈತಿ ಅಂತ ನೀವ ಬೈಯಾಕತ್ತಿದ್ರಿ. ಆ ಬೈಗಳ ಕೇಳೇ ಎಚ್ಚರಾಗಿದ್ನಿ ನೋಡ್ರಿ.”

“ಮತ್ತ ಗೊತ್ತಿದ್ದೂ ಆಣಿ ಮಾಡಿದ್ಯಾ?”

“ಗೊತ್ತಿತ್ತಂತನ ಮಾಡಿದ್ನಿ,” ಎಂದು ತಲೆ ತಗ್ಗಿಸಿದ. “ಬಣ್ಣ ಬಳದ ಕಲ್ಲ ನನಗೇನ ಮಾಡತೈತಿ ಅಂತ ಧೈರ್ಯ. ಸಂಜಿಗೆ ಮತ್ತ ಕುಡಿಯಾಕ ಹೊಂಟಾಂವನ ಇದ್ನಿ. ಅಷ್ಟ್ರಾಗ ಆಕಿ ಮನಿಮನಿಗೆ ಸಕ್ಕರಿ ಹಂಚಿ ಬಂದಿದ್ಳ್ರಿ. ಚಪ್ಪಲ ಮೆಟಗೊಂಡ ಹೊರಗ ಬಂದ್ನಿ. ಕಟ್ಟಿ ಮ್ಯಾಲ ಕುಂತ ಮುದುಕಿ ‘ಚಲೋ ಮಾಡಿದಿ ಬಿಡೋ ಲಗಮಾ’ ಅಂದ್ಳು. ಮುಂದ ಹೋದ್ನಿ, ಕಿರಾಣಿ ಅಂಗಡಿ ಕಾಕಾ ಎದ್ದ ನಿಂತ ನಮಸ್ಕಾರ ಅಂದ. ನನಗ ಯಾರೂ ನಮಸ್ಕಾರ ಅಂದಿದ್ದಿಲ್ರಿ. ಓಣಿ ದಾಟಾಕ ಆಗಲಿಲ್ಲ. ಹೊಳ್ಳಿ ಬಂದ್ನಿ. ನಾಳೆ ಹೋದ್ರಾತು ಅಂದ್ನಿ. ನಾಳೆನೂ ಹಂಗ ಆತು.”

ಸ್ವಲ್ಪ ಹೊತ್ತು ನಡೆದೆವು. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. “ಈಗ ಖರೇನ ಬಿಟ್ಟೇನ್ರಿ. ಆದ್ರ ಆ ಕಲ್ಲ ದೇವ್ರಲ್ಲಾ ಅಂತ ಆಕಿಗೆ ಗೊತ್ತಾದ್ರ, ನನ್ನ ಆಣಿ ಸುಳ್ಳಿತ್ತು ಅಂತ ಗೊತ್ತಾಗತೈತಿ. ಆಕಿ ಭಾಳ ನಂಬ್ಯಾಳ. ಆಕಿಗೆ ಹೇಳಬ್ಯಾಡ್ರಿ.”

ಹೂಂ ಎಂದೆ. ಬಸ್ಸು ಬಂತು, ಹತ್ತಿ ಕೂತೆ. ಮೊದಲು ನಗು ಬಂತು, ಬಾಜೂ ಕೂತವಳು ನನ್ನನ್ನು ನೋಡಿ ಸರಿದು ಕೂತಳು. ಆಮೇಲೆ ಅಳು ಬಂತು. ಗಂಡ ಸತ್ತಾಗ ಸಿಟ್ಟಿಗೇ ನಾನು ಅತ್ತಿರಲಿಲ್ಲ. ಮಣ್ಣಿಗೆ ಬಂದು ಸಾಲಿನಲ್ಲಿ ನಿಂತ ಇಲಾಖೆಯ ನೌಕರರ ಎದುರು ಒಣ ಕಣ್ಣಲ್ಲಿ ನಿಂತಿದ್ದೆ. ಅವತ್ತು ಘಟಪ್ರಭಾ ದಾಟುವತನಕ ಅತ್ತೆ, ಟೋಪಿಯಿಂದಲೇ ಮುಖ ಒರೆಸಿಕೊಂಡೆ. ನನ್ನ ಗಂಡ ಒಂದು ದಿನ ಕುಡಿಯದೆ ಮನೆಗೆ ಬಂದಾಗ ನಾನೂ ಸಕ್ಕರೆ ಹಂಚಬೇಕಾಗಿತ್ತೇನೋ ಅನ್ನಿಸಿತು. ಹಂಚಿದ್ದರೆ ಉಳಿಯುತ್ತಿದ್ದನೇ? ಬಹುಶಃ ಇಲ್ಲ. ಆದರೂ ಅನ್ನಿಸಿತು.

ಮರುದಿನ ಗುಡ್ಡದಲ್ಲಿ ಅದೇ ಗಾತ್ರದ ಕಲ್ಲು ಹುಡುಕಿ, ಹಳದಿ ಬಳಿದು, ಬಾಣ ಬರೆದು ಆಫೀಸಿಗೆ ತಂದೆ. ಸಾಹೇಬರು ಕಲ್ಲು ಮುಟ್ಟಿ ನೋಡಿದರು. ಬೆರಳು ಹಳದಿಯಾಯಿತು.

“ಕಸ್ತೂರಿಯವರೇ, ಬಣ್ಣ ಇನ್ನೂ ಹಸಿ ಇದೆ.”

“ಗುಡ್ಡದಾಗ ಥಂಡಿ ಭಾಳ ರಿ ಸಾಹೇಬ್ರ. ಲಗು ಒಣಗೂದಿಲ್ಲ.”

ಅವರು ನನ್ನ ಮುಖ ನೋಡಿದರು. ಬೆರಳನ್ನು ಹಳೆಯ ಪೇಪರಿಗೆ ಒರೆಸಿಕೊಂಡು, “ಸಿಕ್ಕಿತಲ್ಲ, ಬಿಡಿ,” ಎಂದರು. ಕೇಸು ಆಗಲಿಲ್ಲ. ಅವರು ಹುದ್ದೆಯಲ್ಲಿ ನನಗಿಂತ ಎಷ್ಟೋ ಮೇಲಿದ್ದರು, ವಯಸ್ಸಿನಲ್ಲಿ ಮಗನ ಹಾಗೆ. ಅವತ್ತು ಆ ಹುಡುಗನ ತಲೆ ಸವರಬೇಕು ಅನ್ನಿಸಿತು. ಖಾಕಿಯಲ್ಲಿದ್ದೆ, ಸೆಲ್ಯೂಟು ಹೊಡೆದೆ.

ಆಮೇಲೆ ನಾವು ಎಲ್ಲಾ ಗುರುತಿನ ಕಲ್ಲಿಗೂ ನೀಲಿ ಬಣ್ಣ ಬಳಿದು, ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದೆವು. ಆ ನೀಲಿ ಕಲ್ಲಿಗೆ ಒಬ್ಬರೂ ಕಾಯಿ ಒಡೆಯಲಿಲ್ಲ. ಎರಡು ದಾರಿ ಕೂಡುವಲ್ಲಿ ಗಾರ್ಡ್ ನಿಲ್ಲದೆ ಗುಂಪು ಮುಂದೆ ಹೋಗಬಾರದು ಎಂಬ ಪದ್ಧತಿಯೂ ಬಂತು. ಹುಡುಗಿಯರೇ, ಅದನ್ನು ಬಿಡಬೇಡಿ. ಗುಂಪಿನ ಹಿಂದೆ ಯಾರಿದ್ದಾರೆ ಎಂದು ನೋಡುವಷ್ಟೇ ಮುಂದೆ ಯಾರಿದ್ದಾರೆ ಎಂದೂ ನೋಡಿ. ಚಾರಣ ಮತ್ತೆ ಶುರುವಾಯಿತು. ಕ್ಯಾಷಿಯರ್ ಬಾಯಿ ಮರುವರ್ಷ ಬಂದು ಪೂರ್ತಿ ದಾರಿ ನಡೆದರು, ಮ್ಯಾನೇಜರು ಬರಲಿಲ್ಲ.

ನಿವೃತ್ತಿಯ ಹೊತ್ತಿಗೆ ಕೊನೆಯ ಸಲ ನಾನು ಒಬ್ಬಳೇ ಈ ಕಡೆಯಿಂದ ಆ ಕಡೆಗೆ ನಡೆದೆ. ದಿಂಡಲ ಮರಗಳ ಕೆಳಗೆ ಕೂತು ರೊಟ್ಟಿ ತಿಂದೆ. ಯಾರಿಗೂ ಬೈಯುವ ಪ್ರಸಂಗ ಬರಲಿಲ್ಲ, ಬೇಸರವಾಯಿತು. ಇಳಿದಾಗ ಯಮನವ್ವ ರಸ್ತೆಯಲ್ಲೇ ಕಾದಿದ್ದಳು, ಹೋಳಿಗೆ ಮಾಡಿದ್ದೇನೆ ಎಂದು ಕೈ ಹಿಡಿದು ಕರೆದೊಯ್ದಳು. ಲಗಮಣ್ಣ ಊಟಕ್ಕೆ ಬಾಜೂ ಕೂತ. ಮೈ ಕೈ ತುಂಬಿಕೊಂಡಿದ್ದ. ಯಮನವ್ವ ಬಡಿಸುತ್ತ, ಗಂಡನ ಬೆನ್ನ ಹಿಂದೆ ನಿಂತು ಹೇಳಬೇಡಿ ಹೇಳಬೇಡಿ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಾಳೆ. ಅವಳು ತುಪ್ಪ ತರಲು ಒಳಗೆ ಹೋದರೆ ಇವನು ಹೇಳಬ್ಯಾಡ್ರಿ ಎಂದು ಕೈ ಮಾಡುತ್ತಾನೆ. ನಾನು ಬಾಯಿ ಖಾಲಿ ಬಿಟ್ಟರೆ ಏನು ಉದುರುತ್ತದೋ ಎಂದು ಹೋಳಿಗೆ ತುರುಕಿಕೊಂಡು ಕೂತೆ.

ತುಪ್ಪ ಹಾಕುತ್ತ ಯಮನವ್ವ ಮೆಲ್ಲಗೆ ಅಂದಳು: “ಅಕ್ಕಾರ, ಬಾಜೂ ಮನಿ ಗಂಗವ್ವನ ಗಂಡಂದೂ ಭಾಳ ಕುಡಿಯೂದಾಗೇತ್ರಿ. ಪಾಪ, ಆಕಿ ಅಳೂದ ನೋಡಾಕಾಗೂದಿಲ್ಲ. ಗುಡ್ಡದಾಗ ಇನ್ನೊಂದ ಇಂಥಾ ದೇವ್ರ ಸಿಕ್ಕೀತೇನ್ರಿ?”

ನಾನು ಲಗಮಣ್ಣನ ಕಡೆ ನೋಡಿದೆ. ಅವನು ತಾಟಿನಿಂದ ತಲೆ ಎತ್ತಲಿಲ್ಲ. “ಸಿಗತೈತಿ ಬಿಡ,” ಎಂದ ಹೆಂಡತಿಗೆ. “ಅಕ್ಕಾರಿಗೆ ಜಾಗಾ ಗೊತ್ತೈತಿ.”

ಹಳದಿ ಬಣ್ಣ ಡಬ್ಬಿಯ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಮುಂದಿನ ವಾರವೇ ಗಂಗವ್ವನ ಕಲ್ಲು ತಯಾರಾಯಿತು. ಅದಕ್ಕೆ ನಾನು ಬಾಣ ಬರೆಯಲಿಲ್ಲ.